ಅಂಕಪಟ್ಟಿಯ ಫೋಟೋ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ಸಾಕು, ಮಧ್ಯಾಹ್ನದೊಳಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪುಗಳ ತುಂಬ ಅಂಕಪಟ್ಟಿಗಳ ಮೆರವಣಿಗೆ. ಈ ವಿಷಯದಲ್ಲಿ ಮಕ್ಕಳಿಗಿಂತ ಹೆತ್ತವರಿಗೇ ಅವಸರ ಹೆಚ್ಚು. ಸಂತೋಷ ಹಂಚಿಕೊಂಡರೆ ತಪ್ಪೇ? ಖಂಡಿತ ಅಲ್ಲ. ಆದರೆ ಆ ಹಾಳೆಯಲ್ಲಿರುವುದು ಅಂಕಗಳಷ್ಟೇ ಅಲ್ಲವಲ್ಲ!

ಒಂದು ಕಾಗದದ ಫೋಟೋದಿಂದ ಏನಾದೀತು ಎನ್ನುವವರು ಆಸ್ಟ್ರೇಲಿಯಾದ ಎರಡು ಪ್ರಸಂಗಗಳನ್ನು ಕೇಳಬೇಕು. 2015ರಲ್ಲಿ ಪರ್ತ್ ನಗರದ ಮಹಿಳೆಯೊಬ್ಬರು ಮೆಲ್ಬರ್ನ್ ಕಪ್ ಕುದುರೆ ಜೂಜಿನಲ್ಲಿ ಗೆದ್ದರು. ಟಿಕೆಟ್ ಹಿಡಿದು ನಗುತ್ತಾ ತೆಗೆಸಿಕೊಂಡ ಚಿತ್ರ ಫೇಸ್‌ಬುಕ್ಕಿಗೆ ಏರಿತು. ಟಿಕೆಟ್ಟಿನ ಬಾರ್‌ಕೋಡ್ ಅದರಲ್ಲಿ ಸ್ಪಷ್ಟವಾಗಿತ್ತು. ಆಕೆ ಹಣ ಪಡೆಯಲು ಹೋಗುವಷ್ಟರಲ್ಲಿ ಯಾರೋ ಆ ಕೋಡ್ ಬಳಸಿ 825 ಡಾಲರ್ ಎತ್ತಿಕೊಂಡಿದ್ದರು. ಆಕೆಗೆ ಅನುಮಾನ ಬಂದದ್ದು ತನ್ನದೇ ಸ್ನೇಹಿತರ ಪಟ್ಟಿಯಲ್ಲಿದ್ದವರ ಮೇಲೆ.

ಇನ್ನೊಂದು 2020ರದು. ಮಾಜಿ ಪ್ರಧಾನಿ ಟೋನಿ ಅಬಾಟ್ ತಮ್ಮ ವಿಮಾನದ ಬೋರ್ಡಿಂಗ್ ಪಾಸ್ ಚಿತ್ರವನ್ನು ಇನ್‌ಸ್ಟಾಗ್ರಾಮಿಗೆ ಹಾಕಿದರು. ಅದರಲ್ಲಿದ್ದ ಬುಕಿಂಗ್ ಸಂಖ್ಯೆ ಮತ್ತು ಹೆಸರನ್ನಿಟ್ಟುಕೊಂಡು ಒಬ್ಬ ಯುವಕ ವಿಮಾನ ಸಂಸ್ಥೆಯ ತಾಣ ಹೊಕ್ಕ. ಪಾಸ್‌ಪೋರ್ಟ್ ಸಂಖ್ಯೆ, ಫೋನ್ ನಂಬರು ಎರಡೂ ಸಿಕ್ಕಿಬಿಟ್ಟವು. ಪುಣ್ಯಕ್ಕೆ ಆತ ಸಭ್ಯಸ್ಥ, ಸಂಬಂಧಪಟ್ಟವರಿಗೆ ತಾನೇ ವಿಷಯ ಮುಟ್ಟಿಸಿದ.

ಎಲ್ಲರೂ ಅಷ್ಟು ಸಭ್ಯರಾಗಿರಬೇಕಲ್ಲ! ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮಗುವಿನ ನೋಂದಣಿ ಸಂಖ್ಯೆ, ಹುಟ್ಟಿದ ದಿನಾಂಕ, ತಂದೆ-ತಾಯಿಯ ಹೆಸರು, ಶಾಲೆ ಎಲ್ಲವೂ ಇರುತ್ತವೆ. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು, ಹುಟ್ಟಿದ ದಿನಾಂಕವನ್ನು ಬದಲಿಸುವುದುಂಟೆ? "ನಿಮ್ಮ ಮಗಳ ಸ್ಕಾಲರ್‌ಶಿಪ್ ಮಂಜೂರಾಗಿದೆ, ಒಂದು ಓಟಿಪಿ ಹೇಳಿ" ಎಂದು ಅಪರಿಚಿತನೊಬ್ಬ ಫೋನಿನಲ್ಲಿ ನೋಂದಣಿ ಸಂಖ್ಯೆ ಸಮೇತ ಒಪ್ಪಿಸಿದರೆ ಯಾವ ತಾಯಿ ತಾನೇ ನಂಬುವುದಿಲ್ಲ? ಹಾಗೆ ನಂಬಿ ಹಣ ಹೋದರೆ ನಾಚಿಕೊಂಡು ಕೂರಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಕೈಗೆ ಸಿಗುವ ಆಸೆ ಕಡಿಮೆ.

ಶೇಕಡಾ ಎಷ್ಟು ಬಂತೆಂದು ಎರಡು ಸಾಲು ಬರೆದು, ಮಗುವಿನ ಒಪ್ಪಿಗೆ ಕೇಳಿ ಒಂದು ನಗುಮುಖದ ಚಿತ್ರ ಹಾಕಿದರೆ ಸಾಲದೇ? ಅದರಲ್ಲೂ ಶಾಲೆಯ ಬ್ಯಾಡ್ಜು ಕಾಣದಂತೆ ನೋಡಿಕೊಳ್ಳಿ. ಪಟ್ಟಿಯನ್ನು ಈಗಾಗಲೇ ಹಾಕಿದ್ದರೆ ಇವತ್ತೇ ಅಳಿಸಿ. ಮನೆಮಂದಿಯ ವಾಟ್ಸಾಪ್ ಗುಂಪನ್ನೂ ಮರೆಯಬೇಡಿ. ಸೋದರಮಾವ ಅಭಿಮಾನದಿಂದ ಇನ್ನೆಷ್ಟು ಗುಂಪುಗಳಿಗೆ ಕಳಿಸಿದ್ದಾರೋ, ಒಂದು ಮಾತು ಕೇಳಿಬಿಡಿ.