ತೊಟ್ಟಿಯ ಗಿಡಕ್ಕೆ ಬೆಲ್ಲದ ಬಾಟಲಿ ಸಾಕು



ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳ ಜೊತೆಗೆ ನೀರುಗಿಡಗಳನ್ನು ಬೆಳೆಸುವ ಹವ್ಯಾಸ ಈಗ ಪಟ್ಟಣಗಳಿಗೆ ಮಾತ್ರ ಸೀಮಿತವಾಗಿಲ್ಲ. ಹಳ್ಳಿಯ ಮಕ್ಕಳೂ ಇಂತಹ ತೊಟ್ಟಿಗಾಗಿ ಹಟ ಹಿಡಿಯುತ್ತಾರೆ. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಅಲಂಕಾರಿಕ ಮೀನು ಸಾಕಣೆಯೂ ಸೇರಿದುದರಿಂದ ಇದನ್ನು ಉಪಕಸುಬಾಗಿ ಮಾಡಬಯಸುವ ರೈತರೂ ಇದ್ದಾರೆ. ಆದರೆ ಗಿಡ ಸೊರಗಿದ ಕೂಡಲೇ ಅನೇಕ ಅಂಗಡಿಗಳಲ್ಲಿ ಸಿಗುವ ಸಲಹೆ ಒಂದೇ: ಇಂಗಾಲದ ಡೈ ಆಕ್ಸೈಡಿನ ಸಿಲಿಂಡರ್ ಕೊಳ್ಳಿ! ಸಿಲಿಂಡರ್, ರೆಗ್ಯುಲೇಟರ್, ಕವಾಟ, ನಳಿಕೆ ಎಲ್ಲ ಸೇರಿದರೆ ಖರ್ಚು ಸಣ್ಣ ತೊಟ್ಟಿಯ ಬೆಲೆಯನ್ನೇ ಮೀರಬಹುದು. ಮನೆಯ ಸಾಧಾರಣ ತೊಟ್ಟಿಗೆ ಈ ಖರ್ಚು ಅನಾವಶ್ಯಕವೆಂಬುದು ನನ್ನ ಅಭಿಪ್ರಾಯ.

ಗಾಳಿಯೂ ಗೊಬ್ಬರವೇ

ಗಿಡದ ಒಣ ತೂಕದಲ್ಲಿ ಶೇಕಡ 40ಕ್ಕೂ ಹೆಚ್ಚು ಭಾಗ ಇಂಗಾಲ. ಹೊಲದ ಬೆಳೆ ಇದನ್ನು ಗಾಳಿಯಿಂದ ಪುಕ್ಕಟೆಯಾಗಿ ಪಡೆಯುತ್ತದೆ. ನೀರಿನೊಳಗಿನ ಗಿಡಕ್ಕೆ ಆ ಅನುಕೂಲವಿಲ್ಲ. ಈ ಅನಿಲವು ಗಾಳಿಗಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಗಾಳಿಗೆ ತೆರೆದಿಟ್ಟ ನೀರಿನ ಒಂದು ಲೀಟರಿನಲ್ಲಿ ಕರಗಿ ನಿಲ್ಲುವುದು ಅರ್ಧ ಮಿಲಿಗ್ರಾಂ ಅಥವಾ ಸ್ವಲ್ಪ ಹೆಚ್ಚು ಮಾತ್ರ. ಗಿಡಗಳು ಹುಲುಸಾಗಿ ಬೆಳೆಯಲು ಲೀಟರಿಗೆ 20 ಮಿಲಿಗ್ರಾಂ ಇದ್ದರೆ ಒಳ್ಳೆಯದು. 30 ದಾಟಿದರೆ ಮೀನುಗಳಿಗೆ ಉಸಿರಾಟದ ತೊಂದರೆ ಆಗಬಹುದು.

ಆದರೆ ನೆನಪಿಡಿ. ಯಾವ ಪೋಷಕಾಂಶ ಅತಿ ಕಡಿಮೆ ಇದೆಯೋ ಅದೇ ಬೆಳೆಯ ಮಿತಿಯನ್ನು ನಿರ್ಧರಿಸುತ್ತದೆ. ಜರ್ಮನಿಯ ವಿಜ್ಞಾನಿ ಲೀಬಿಗ್ ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಚುರಪಡಿಸಿದ ಈ ನಿಯಮ ನಿಮ್ಮ ರಾಗಿ ಹೊಲಕ್ಕೆ ಹೇಗೋ ತೊಟ್ಟಿಗೂ ಹಾಗೆಯೇ. ಬೆಳಕು ಸಾಲದ ತೊಟ್ಟಿಗೆ ಅನಿಲ ಕೊಡುವುದು, ರಂಜಕದ ಕೊರತೆಯಿರುವ ಹೊಲಕ್ಕೆ ಯೂರಿಯಾ ಸುರಿದಂತೆ. ಬೆಳಕು ಅತಿಯಾಗಿ ಅನಿಲ ಸಾಲದಿದ್ದರೆ ಗಿಡದ ಬದಲು ಪಾಚಿ ಬೆಳೆಯುತ್ತದೆ.

ಮೊದಲು ಗಿಡವನ್ನು ನೋಡಿ

ನಮ್ಮ ಕೊಳವೆ ಬಾವಿಗಳ ನೀರು ಬಹುಪಾಲು ಗಡಸು. ಸ್ನಾನದ ಹಂಡೆಯಲ್ಲಿ ಬಿಳಿ ಸುಣ್ಣದ ಪದರ ಕಟ್ಟುವುದೇ ಇದರ ಗುರುತು. ಇಂತಹ ನೀರಿನಲ್ಲಿ ಬೈಕಾರ್ಬೊನೇಟ್ ರೂಪದಲ್ಲಿ ಇಂಗಾಲ ಸಾಕಷ್ಟಿರುತ್ತದೆ. ವ್ಯಾಲಿಸ್ನೇರಿಯ ಮತ್ತು ನಮ್ಮ ಕೆರೆಗಳಲ್ಲಿ ತಾನಾಗಿಯೇ ಬೆಳೆಯುವ ಹೈಡ್ರಿಲ್ಲ ಇದನ್ನು ಬಳಸಿಕೊಳ್ಳಬಲ್ಲವು. ಇವುಗಳನ್ನು ಬೆಳೆಸುವವರು ಅನಿಲಕ್ಕಾಗಿ ಒಂದು ರೂಪಾಯಿಯನ್ನೂ ವ್ಯಯಿಸಬೇಕಾಗಿಲ್ಲ. ದಕ್ಷಿಣ ಭಾರತದ್ದೇ ಆದ ಕೆಂಪು ಎಲೆಯ ರೋಟಾಲ ಮ್ಯಾಕ್ರಾಂಡ್ರದಂತಹ ನಾಜೂಕು ಗಿಡಗಳಿಗೆ ಮಾತ್ರ ಅನಿಲ ಕೊಟ್ಟರೆ ಫಲ ಎದ್ದು ಕಾಣುತ್ತದೆ.

ಬಾಟಲಿಯ ವಿಧಾನ

ಇಡ್ಲಿ ಹಿಟ್ಟು ರಾತ್ರಿ ಕಳೆಯುವಷ್ಟರಲ್ಲಿ ಉಬ್ಬುವುದು ಹುದುಗುವಾಗ ಹುಟ್ಟುವ ಇದೇ ಅನಿಲದಿಂದ. ಬಾಟಲಿಯ ತತ್ವವೂ ಅದೇ. ಎರಡು ಅಡಿ ಉದ್ದ, ಒಂದು ಅಡಿ ಅಗಲ ಮತ್ತು ಒಂದು ಅಡಿ ಎತ್ತರದ, ಸುಮಾರು 55 ಲೀಟರ್ ನೀರು ಹಿಡಿಯುವ ತೊಟ್ಟಿಗೆ ಬೇಕಾದುದು ಇಷ್ಟು: ತಂಪು ಪಾನೀಯದ 2 ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿ, 200 ಗ್ರಾಂ ಸಕ್ಕರೆ, 1 ಲೀಟರ್ ನೀರು, ಕಾಲು ಚಮಚ ಬೇಕರಿ ಯೀಸ್ಟ್ ಮತ್ತು ಒಂದು ಚಿಟಿಕೆ ಅಡುಗೆ ಸೋಡಾ. ಸಕ್ಕರೆಗೆ ಬದಲು ಬೆಲ್ಲವೂ ಆದೀತು. ಆಲೆಮನೆ ಇರುವವರು ಬಣ್ಣ ಕೆಟ್ಟು ಮಾರಾಟವಾಗದ ಬೆಲ್ಲವನ್ನು ಬಳಸಬಹುದು. ನೊರೆ ಹೆಚ್ಚು ಬರುವುದರಿಂದ ಬಾಟಲಿಯಲ್ಲಿ ಖಾಲಿ ಜಾಗ ಜಾಸ್ತಿ ಬಿಡಬೇಕು.

ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ, ಉಗುರು ಬೆಚ್ಚಗಿರುವಾಗ ಯೀಸ್ಟ್ ಮತ್ತು ಸೋಡಾ ಸೇರಿಸಿ. ಮುಚ್ಚಳಕ್ಕೆ ತೂತು ಕೊರೆದು, ತೊಟ್ಟಿಗೆ ಗಾಳಿ ಹಾಯಿಸುವ ಸಣ್ಣ ನಳಿಕೆಯನ್ನು ಬಿಗಿಯಾಗಿ ತೂರಿಸಿ, ಸಂದನ್ನು ಅಂಟಿನಿಂದ ಮುಚ್ಚಿ. ನಳಿಕೆಯನ್ನು ನೇರವಾಗಿ ತೊಟ್ಟಿಗೆ ಬಿಡದೆ, ನೀರಿರುವ ಒಂದು ಸಣ್ಣ ಬಾಟಲಿಯ ಮೂಲಕ ಹಾಯಿಸಿ. ನೊರೆ ಉಕ್ಕಿದರೆ ಅಲ್ಲಿಯೇ ನಿಲ್ಲುತ್ತದೆ, ಗುಳ್ಳೆಗಳನ್ನೂ ಎಣಿಸಬಹುದು. ಅದರ ಮುಂದೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಸಣ್ಣ ವಾಲ್ವ್ ಇರಲಿ. ನಿಮ್ಮ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಮಾಡುವ ಕೆಲಸವೇ ಇದರದ್ದು. ಮಿಶ್ರಣ ಸುಮಾರು ಎರಡು ವಾರ ಕೆಲಸ ಮಾಡುತ್ತದೆ. ಬೇಸಿಗೆಯಲ್ಲಿ ಬೇಗ ಮುಗಿಯುತ್ತದೆ.

ಈಗ ಲೆಕ್ಕ ನೋಡಿ. 200 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಸುಮಾರು 100 ಗ್ರಾಂ ಅನಿಲ ಹುಟ್ಟುತ್ತದೆ. 55 ಲೀಟರ್ ನೀರಿನಲ್ಲಿ ಒಂದು ಹೊತ್ತಿಗೆ ಕರಗಿ ನಿಲ್ಲಬೇಕಾದುದು ಒಂದು ಗ್ರಾಮಿಗಿಂತ ತುಸು ಹೆಚ್ಚು. ಎಂದರೆ ಕೊರತೆ ಇರುವುದು ಅನಿಲದ ಉತ್ಪಾದನೆಯಲ್ಲಲ್ಲ, ಅದನ್ನು ನೀರಿನಲ್ಲಿ ಕರಗಿಸುವುದರಲ್ಲಿ. ನಳಿಕೆಯಿಂದ ಬರುವ ದೊಡ್ಡ ಗುಳ್ಳೆ ನೇರ ಮೇಲೆದ್ದು ಒಡೆದು ಹೋದರೆ ಎಲ್ಲವೂ ವ್ಯರ್ಥ. ಆದುದರಿಂದ ಒಂದು ಪಾರದರ್ಶಕ ಪ್ಲಾಸ್ಟಿಕ್ ಲೋಟವನ್ನು ನೀರೊಳಗೆ ಬೋರಲಾಗಿ ಅಂಟಿಸಿ, ಗುಳ್ಳೆಗಳು ಅದರಡಿ ಸೇರುವಂತೆ ಮಾಡಿ. ಅನಿಲ ಅಲ್ಲಿ ನಿಂತು ನಿಧಾನವಾಗಿ ಕರಗುತ್ತದೆ. ಹಗಲಿನಲ್ಲಿ ನೀರಿನ ಮೇಲ್ಭಾಗವನ್ನು ಹೆಚ್ಚು ಕಲಕಬೇಡಿ. ಮಧ್ಯಾಹ್ನದ ಹೊತ್ತಿಗೆ ಎಲೆಗಳ ಮೇಲೆ ಮುತ್ತಿನಂತಹ ಆಮ್ಲಜನಕದ ಗುಳ್ಳೆಗಳು ಕಂಡರೆ ಗಿಡ ಉಂಡಿದೆ ಎಂದರ್ಥ.

ಎಚ್ಚರಿಕೆಗಳು

ಗಾಜಿನ ಬಾಟಲಿಯನ್ನು ಎಂದಿಗೂ ಬಳಸಕೂಡದು. ನಳಿಕೆ ಕಟ್ಟಿಕೊಂಡರೆ ಅದು ಸಿಡಿಯುತ್ತದೆ. ಗುಳ್ಳೆ ಕಡಿಮೆ ಮಾಡಲು ನಳಿಕೆಯನ್ನು ಹಿಸುಕಿ ಕಟ್ಟುವುದೂ ಅಪಾಯ. ಮುಂದಿನ ಬಾರಿ ಯೀಸ್ಟ್ ಕಡಿಮೆ ಹಾಕುವುದೇ ಸರಿಯಾದ ಮಾರ್ಗ.

ಯೀಸ್ಟಿಗೆ ಹಗಲು ರಾತ್ರಿಯ ಭೇದವಿಲ್ಲ. ಕತ್ತಲಲ್ಲಿ ಗಿಡಗಳು ಅನಿಲವನ್ನು ಬಳಸುವುದಿಲ್ಲ, ಬದಲಾಗಿ ಮೀನುಗಳಂತೆ ಆಮ್ಲಜನಕವನ್ನೇ ಸೇವಿಸುತ್ತವೆ. ಪಾಚಿ ತುಂಬಿದ ಕೊಳದಲ್ಲಿ ಮುಂಜಾನೆ ಮೀನುಗಳು ಮೇಲೆ ಬಂದು ಬಾಯಿ ಬಿಡುವುದನ್ನು ಮೀನು ಸಾಕುವ ರೈತರು ಬಲ್ಲರು. ಇಲ್ಲಿಯೂ ಅದೇ ಆದೀತು. ಆದುದರಿಂದ ದೀಪ ಆರಿಸುವಾಗ ನಳಿಕೆಯ ತುದಿಯನ್ನು ತೊಟ್ಟಿಯಿಂದ ಹೊರಗೆ ತೆಗೆದು ಇಡಿ, ಇಲ್ಲವೇ ರಾತ್ರಿ ಗಾಳಿ ಪಂಪನ್ನು ಚಾಲೂ ಇಡಿ. ಹುಳಿ ಬಂದ ಮಿಶ್ರಣದಲ್ಲಿ ಮದ್ಯಸಾರ ಇರುವುದರಿಂದ ಅದನ್ನು ಮಕ್ಕಳ ಮತ್ತು ದನಕರುಗಳ ಕೈಬಾಯಿಗೆ ಸಿಗದಂತೆ ಇಟ್ಟು, ಮುಗಿದ ಮೇಲೆ ಗೊಬ್ಬರದ ಗುಂಡಿಗೆ ಸುರಿಯಿರಿ.

ಸಿಲಿಂಡರ್ ಯಾರಿಗೆ?

ಸಿಲಿಂಡರಿನಿಂದ ಅನಿಲ ಒಂದೇ ಸಮನಾಗಿ ಬರುತ್ತದೆ, ರಾತ್ರಿ ನಿಲ್ಲಿಸಲೂ ಬರುತ್ತದೆ ಎಂಬುದು ನಿಜ. 200 ಲೀಟರ್ ಮೀರಿದ ತೊಟ್ಟಿಗೆ, ಅಥವಾ ಅನೇಕ ತೊಟ್ಟಿಗಳನ್ನು ಒಟ್ಟಿಗೆ ನಡೆಸುವವರಿಗೆ ಅದೇ ಮೇಲು. ಆದರೆ ಬೇಸಿಗೆಯಲ್ಲಿ ಅದರೊಳಗಿನ ಒತ್ತಡ ವಾತಾವರಣದ ಒತ್ತಡದ 70 ಪಟ್ಟನ್ನೂ ಮೀರುತ್ತದೆ. ಬಿಸಿಲಿನಲ್ಲಿ ಇಡಬಾರದು, ಅಡುಗೆ ಅನಿಲದ ರೆಗ್ಯುಲೇಟರ್ ಜೋಡಿಸಬಾರದು, ಮುದ್ರೆಯಿಲ್ಲದ ಹಳೆಯ ಸಿಲಿಂಡರ್ ಅಗ್ಗವೆಂದು ಕೊಳ್ಳಬಾರದು.

ಗಿಡಗಳನ್ನು ಮಾರಾಟಕ್ಕಾಗಿ ಬೆಳೆಸಬಯಸುವವರಿಗೆ ಇನ್ನೊಂದು ಮಾತು. ದೊಡ್ಡ ನರ್ಸರಿಗಳು ಇಂತಹ ಅನೇಕ ಗಿಡಗಳನ್ನು ನೀರಿನಲ್ಲಿ ಮುಳುಗಿಸಿ ಬೆಳೆಸುವುದೇ ಇಲ್ಲ. ನೆರಳಿನಲ್ಲಿ, ಸದಾ ತೇವವಿರುವ ಮಡಿಗಳಲ್ಲಿ, ಎಲೆ ಗಾಳಿಗೆ ತೆರೆದಿರುವಂತೆ ಬೆಳೆಸುತ್ತವೆ. ರೋಟಾಲ, ನೀರು ಬ್ರಾಹ್ಮಿ ಮುಂತಾದವು ಹೀಗೆ ಸೊಗಸಾಗಿ ಬರುತ್ತವೆ. ಅಲ್ಲಿ ಬೇಕಾದ ಇಂಗಾಲವನ್ನೆಲ್ಲ ಗಾಳಿಯೇ ಒದಗಿಸುತ್ತದೆ. ಭತ್ತದ ಸಸಿಮಡಿ ಮಾಡಿ ಗೊತ್ತಿರುವ ಕೈಗಳಿಗೆ ಇದು ಹೊಸ ವಿದ್ಯೆಯಲ್ಲ. ಬೀಜದ ಗಿಡಗಳನ್ನು ಮಾತ್ರ ಘಟ್ಟದ ಹೊಳೆಗಳಿಂದ ಕಿತ್ತು ತರಬೇಡಿ. ನರ್ಸರಿಯಿಂದ ತಂದು ತುಂಡು ಮಾಡಿ ಹೆಚ್ಚಿಸಿಕೊಳ್ಳಿ.

ಆದುದರಿಂದ ಮಗುವಿನ ತೊಟ್ಟಿಗೆ ಬಾಟಲಿ, ಮಾರಾಟದ ಗಿಡಕ್ಕೆ ಒದ್ದೆ ಮಡಿ. ಇವೆರಡನ್ನೂ ಒಂದು ವರ್ಷ ನಡೆಸಿ, ಕೈಗೆ ಲಾಭ ಬಂದ ಮೇಲೆ ಸಿಲಿಂಡರಿನ ವಿಚಾರ ಮಾಡೋಣ. ಸಾಲ ಮಾಡಿ ಕೊಳ್ಳುವ ವಸ್ತು ಅದಲ್ಲ.