ಚಟದಿಂದ ಹೊರಬಂದ ನಿರ್ವಸತಿಗರಿಗೆ ಮಧ್ಯಂತರ ವಸತಿಗೃಹ ಕೋರಿ ಮನವಿ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಶಿವಮೊಗ್ಗ ಜಿಲ್ಲೆ, ಶಿವಮೊಗ್ಗ.

ಇವರಿಂದ: ಹೊಳಲೂರು ಮತ್ತು ಸುತ್ತಲಿನ ಗ್ರಾಮಸ್ಥರು, ಸ್ವಸಹಾಯ ಸಂಘಗಳ ಮಹಿಳೆಯರು, ಶಿವಮೊಗ್ಗ ತಾಲ್ಲೂಕು.

ವಿಷಯ: ಕುಡಿತ ಹಾಗೂ ಮಾದಕ ವಸ್ತುಗಳ ಚಟ ಬಿಟ್ಟು, ಇರಲು ಸೂರಿಲ್ಲದವರಿಗೆ ಶಿವಮೊಗ್ಗ ಮತ್ತು ಭದ್ರಾವತಿಯಲ್ಲಿ ವಸತಿಗೃಹ ತೆರೆಯುವ ಬಗ್ಗೆ.

ಮಾನ್ಯರೇ,

ಕುಡಿತ ಬಿಡಿಸುವ ಕೆಲಸ ನಮ್ಮ ಭಾಗಕ್ಕೆ ಹೊಸದಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಎಂಟು ದಿನಗಳ ಮದ್ಯವರ್ಜನ ಶಿಬಿರಗಳನ್ನು ಜನ ಬಲ್ಲರು. ಚಿಕಿತ್ಸೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೂ ಇದೆ. ಶಿಬಿರ ಮುಗಿಸಿದವನಿಗೆ ಮನೆಯಿದ್ದರೆ ತಾಯಿಯೋ ಹೆಂಡತಿಯೋ ಕಾಯುತ್ತಾರೆ, ಕುಡಿತ ಬಿಟ್ಟವರ ನವಜೀವನ ಸಮಿತಿಯ ಸಭೆಗೆ ಕಳಿಸುತ್ತಾರೆ. ನಾವು ಕೇಳುತ್ತಿರುವುದು ಮನೆಯೇ ಇಲ್ಲದವನ ಬಗ್ಗೆ. ಹೆಂಡತಿ ಮಕ್ಕಳು ತವರು ಸೇರಿರುತ್ತಾರೆ. ಅಣ್ಣತಮ್ಮಂದಿರು ಪಾಲು ಕೊಟ್ಟು ಕೈತೊಳೆದುಕೊಂಡಿರುತ್ತಾರೆ. ಆ ಪಾಲೂ ಸಾಲಕ್ಕೆ ಹೋಗಿರುತ್ತದೆ. ಅಂಥವನು ಹೊನ್ನಾಳಿ ರಸ್ತೆಯ ಬಸ್ಸು ಹತ್ತಿ ಶಿವಮೊಗ್ಗದಲ್ಲಿ ಇಳಿದರೆ ಮಲಗುವುದು ಬಸ್ ನಿಲ್ದಾಣದ ಆಸುಪಾಸಿನಲ್ಲೇ. ಕೈನಡುಕ ವಾರದಲ್ಲಿ ಇಳಿದೀತು; ನಿದ್ದೆ ಹತ್ತಿ, ಸಿಟ್ಟು ಇಳಿದು, ಕುಡಿಯಬೇಕೆಂಬ ಸೆಳೆತ ಹತೋಟಿಗೆ ಬರಲು ತಿಂಗಳುಗಳೇ ಬೇಕು. ಆ ತಿಂಗಳುಗಳನ್ನು ಫುಟ್‌ಪಾತಿನಲ್ಲಿ ಕಳೆದವನು ಮತ್ತೆ ಕುಡಿದರೆ ಅದನ್ನು ಬರೀ ಮನೋಬಲದ ಕೊರತೆ ಎನ್ನಲು ನಮಗೆ ಮನಸ್ಸಿಲ್ಲ.

ಇದು ದಾನದ ಬೇಡಿಕೆಯಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯೆಂದೇ ಪರಿಗಣಿಸುತ್ತದೆ. ಆಸ್ಪತ್ರೆಯಿಂದ ಸಮಾಜಕ್ಕೆ ಮರಳುವವರಿಗಾಗಿ ಮಧ್ಯಂತರ ಮನೆ ಮತ್ತು ಆಸರೆಯ ವಸತಿ ಒದಗಿಸುವ ಹೊಣೆಯನ್ನು ಅದರ 18 ಮತ್ತು 19ನೇ ಕಲಮುಗಳು ಸರ್ಕಾರದ ಮೇಲೆ ಹೊರಿಸಿವೆ. ಇನ್ನು 2013ರ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಪ್ರತಿ ಲಕ್ಷ ನಗರವಾಸಿಗಳಿಗೆ ನೂರು ಜನರ ಖಾಯಂ ಆಶ್ರಯ ಇರಬೇಕೆಂದಿತು. 2011ರ ಜನಗಣತಿಯಲ್ಲೇ ಶಿವಮೊಗ್ಗ ಮೂರು ಲಕ್ಷ ದಾಟಿತ್ತು, ಭದ್ರಾವತಿ ಒಂದೂವರೆ ಲಕ್ಷದ ಹತ್ತಿರವಿತ್ತು. ಆ ಲೆಕ್ಕದಲ್ಲಿ ಎರಡೂ ನಗರಗಳಲ್ಲಿ ಇಂದು ಎಷ್ಟು ಹಾಸಿಗೆಗಳಿವೆ ಎಂಬುದನ್ನು ಮೊದಲು ಪ್ರಕಟಿಸಿ.

ದುಡ್ಡಿಲ್ಲ ಎಂಬ ಉತ್ತರ ಬರಬಹುದು. ದಯವಿಟ್ಟು ನಮ್ಮ ಪಂಚಾಯಿತಿಯ ಕಂದಾಯ ರಸೀದಿ ನೋಡಿ: ಗ್ರಂಥಾಲಯ ಕರದ ಜೊತೆ ಭಿಕ್ಷುಕರ ಕರ ಎಂಬ ಸಾಲೂ ಇರುತ್ತದೆ, ಆಸ್ತಿ ತೆರಿಗೆಯ ಮೇಲೆ ಶೇ. 3. ರಾಜ್ಯದ 2024-25ರ ಬಜೆಟ್ ಅಬಕಾರಿಯಿಂದ ನಿರೀಕ್ಷಿಸಿದ್ದು 38,525 ಕೋಟಿ ರೂಪಾಯಿ. ಕುಡಿಸಿ ಬಂದ ಹಣದಲ್ಲಿ ಕುಡಿತ ಬಿಟ್ಟವನಿಗೊಂದು ಚಾಪೆ ಹಾಸಲು ಜಾಗ ಕೇಳುವುದು ಅತಿಯಾಸೆಯೇನಲ್ಲ.

ಆದರೆ ಭಿಕ್ಷುಕರ ಕರದ ಹಣವೆಂದು ಇವರನ್ನು ಭಿಕ್ಷುಕರ ಕಾಯ್ದೆಯಡಿ ಹಿಡಿದು ಕೂಡಿಹಾಕುವುದು ಬೇಡ. 2010ರ ಆಗಸ್ಟ್‌ನಲ್ಲಿ, ಹಾಗೆ ಹಿಡಿದು ತಂದವರನ್ನು ಇರಿಸುತ್ತಿದ್ದ ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಸಂಭವಿಸಿದ ಸಾಲು ಸಾವುಗಳನ್ನು ನಾಡು ಮರೆತಿಲ್ಲ. ನಾವು ಕೇಳುವ ಮನೆಗೆ ಹೊರಗಿನಿಂದ ಬೀಗ ಇರಬಾರದು. ಇಪ್ಪತ್ತು, ಇಪ್ಪತ್ತೈದು ಜನ, ಆರು ತಿಂಗಳಿಂದ ಒಂದು ವರ್ಷದ ವಾಸ, ಅಡುಗೆ ಅವರದೇ ಸರದಿ, ವಾರಕ್ಕೊಮ್ಮೆ ಮೆಗ್ಗಾನ್‌ನ ಮನೋವೈದ್ಯರು ಅಥವಾ ಆಪ್ತಸಮಾಲೋಚಕರು. ಒಳಗೆ ಕುಡಿಯುವಂತಿಲ್ಲ ಎಂಬ ನಿಯಮ ಬಿಗಿಯಾಗಿರಲಿ. ಆದರೆ ಒಮ್ಮೆ ಎಡವಿದವನನ್ನು ಬೀದಿಗೆ ಅಟ್ಟದೆ ಆಸ್ಪತ್ರೆಗೆ ಕಳಿಸಿ, ಮತ್ತೆ ಒಳಗೆ ಬಿಟ್ಟುಕೊಳ್ಳಬೇಕು. ಈ ಒಂದು ಷರತ್ತನ್ನು ಕೈಬಿಟ್ಟರೆ ಉಳಿದದ್ದೆಲ್ಲ ವ್ಯರ್ಥವೆಂಬುದು ನಮ್ಮ ಖಚಿತ ಅಭಿಪ್ರಾಯ. ಹೆಂಗಸರಿಗೆ, ಮಕ್ಕಳನ್ನು ಜೊತೆಗಿಟ್ಟುಕೊಂಡವರಿಗೆ ಪ್ರತ್ಯೇಕ ಮನೆ ಬೇಕು.

ಭದ್ರಾವತಿಯಲ್ಲಿ ಹೊಸ ಕಟ್ಟಡದ ಅಗತ್ಯ ಬೀಳಲಾರದು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ 2015ರ ಹೊತ್ತಿಗೆ ಉತ್ಪಾದನೆ ನಿಲ್ಲಿಸಿತು. ಕಾರ್ಖಾನೆಯ ಕೆಲಸ ಹೋದರೆ ಕ್ವಾರ್ಟರ್ಸೂ ಕೈಬಿಟ್ಟಂತೆ ಎಂಬುದು ಆ ಊರಿಗೆ ಗೊತ್ತು. ಕೆಲಸ ಕಳೆದುಕೊಂಡವರೆಲ್ಲ ಕುಡಿತಕ್ಕೆ ಬಿದ್ದರೆಂದು ಹೇಳುವುದು ಅನ್ಯಾಯ, ಹಾಗೆ ನಾವು ಹೇಳುತ್ತಿಲ್ಲ. ಆ ಕಾರ್ಖಾನೆಯ ಪೇಪರ್ ಟೌನ್ ಬಡಾವಣೆಯಲ್ಲಿ ಖಾಲಿ ಬಿದ್ದಿರುವ ವಸತಿಗೃಹಗಳನ್ನು ಪರಿಶೀಲಿಸಿ, ಒಂದು ಸಾಲನ್ನು ದುರಸ್ತಿ ಮಾಡಿಸಿ ಈ ಕೆಲಸಕ್ಕೆ ಬಿಟ್ಟುಕೊಡುವಂತೆ ಸರ್ಕಾರಕ್ಕೆ ಬರೆಯಬೇಕೆಂದಷ್ಟೇ ಕೋರಿಕೆ.

ವಿಳಾಸವಿಲ್ಲದವನಿಗೆ ಆಧಾರ್ ತಿದ್ದುಪಡಿಯಿಲ್ಲ, ಪಡಿತರ ಚೀಟಿಯಿಲ್ಲ, ಬ್ಯಾಂಕ್ ಖಾತೆಯಿಲ್ಲ. ವಸತಿಗೃಹದ ವಿಳಾಸವನ್ನೇ ದಾಖಲೆಯಾಗಿ ಒಪ್ಪುವಂತೆ ತಹಶೀಲ್ದಾರರಿಗೆ ಸೂಚಿಸಬೇಕು. ಹೊರಹೋಗುವಾಗ ಬಾಡಿಗೆ ಕೋಣೆಯ ಮುಂಗಡಕ್ಕೆ ನೆರವೂ ಬೇಕು. ಕೆಲಸದ ಭಾರವನ್ನು ನಾವೂ ಹೊರುತ್ತೇವೆ. ಅಡಿಕೆ ಕೊಯ್ಲು, ಸುಲಿಯುವ ಕಾಲದಲ್ಲಿ ಇಲ್ಲಿ ಆಳು ಸಿಗುವುದೇ ಕಷ್ಟ. ಊರಿನ ಬೆಳೆಗಾರರು ಪೂರ್ತಿ ಕೂಲಿ ಕೊಟ್ಟು ಕರೆದುಕೊಳ್ಳಲು ಸಿದ್ಧರಿದ್ದಾರೆ. ಸಂಜೆ ಕೂಲಿಯ ಜೊತೆ ‘ಎಣ್ಣೆ’ ಕೊಡುವ ತೋಟಕ್ಕೆ ಇವರನ್ನು ಕಳಿಸಬಾರದೆಂಬ ಕಟ್ಟಳೆಯನ್ನು ತಾವೇ ಹಾಕಿ.

ಮಲೆನಾಡಿನ ಮಳೆ ಬಯಲಲ್ಲಿ ಮಲಗಿದವರನ್ನು ಕಾಯುವುದಿಲ್ಲ. ಮುಂಗಾರಿಗೆ ಮೊದಲು ಪಾಲಿಕೆ, ನಗರಸಭೆ, ಆರೋಗ್ಯ ಹಾಗೂ ಸಮಾಜ ಕಲ್ಯಾಣ ಇಲಾಖೆಗಳ ಜಂಟಿ ಸಭೆ ಕರೆದು, ನಮ್ಮ ಪ್ರತಿನಿಧಿಗಳನ್ನೂ ಕೂರಿಸಿಕೊಂಡು, ಕೈಗೊಂಡ ತೀರ್ಮಾನವನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿ.

ಸ್ಥಳ: ಹೊಳಲೂರು

ತಮ್ಮ ವಿಶ್ವಾಸಿಗಳು,
ಹೊಳಲೂರು ಮತ್ತು ಸುತ್ತಲಿನ ಗ್ರಾಮಸ್ಥರು
(ಸಹಿಗಳನ್ನು ಲಗತ್ತಿಸಿದೆ)

ಪ್ರತಿ: ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಪಂಚಾಯತ್, ಆಯುಕ್ತರು, ಶಿವಮೊಗ್ಗ ಮಹಾನಗರ ಪಾಲಿಕೆ, ಪೌರಾಯುಕ್ತರು, ಭದ್ರಾವತಿ ನಗರಸಭೆ.