ಟಯರಿನ ವಯಸ್ಸು

ಹೊಸ ಮೋಟಾರು ಕಾರನ್ನು ಕೊಳ್ಳಹೊರಟ ನಮ್ಮ ಗೃಹಸ್ಥನು ಅದರ ಬಣ್ಣವನ್ನು ನೋಡುತ್ತಾನೆ, ಎಂಜಿನ್ನಿನ ಶಕ್ತಿಯನ್ನು ಕೇಳುತ್ತಾನೆ, ಲೀಟರಿಗೆ ಎಷ್ಟು ದೂರ ಓಡುವುದೆಂದು ಎರಡೆರಡು ಬಾರಿ ವಿಚಾರಿಸುತ್ತಾನೆ. ಒಳ್ಳೆಯ ದಿನವನ್ನು ಗೊತ್ತುಮಾಡಿ ನಾಲ್ಕು ಗಾಲಿಗಳಡಿಯಲ್ಲಿ ನಿಂಬೆಹಣ್ಣುಗಳನ್ನಿಟ್ಟು ಪೂಜೆಯನ್ನೂ ಮಾಡಿಸುತ್ತಾನೆ. ಆ ನಿಂಬೆಹಣ್ಣನ್ನು ಹಿಂಡಿ ಮುಂದಕ್ಕೆ ಹೋದ ಟಯರು ಯಾವ ಇಸವಿಯಲ್ಲಿ ತಯಾರಾದುದೆಂಬುದನ್ನು ಮಾತ್ರ ಅವನು ಕೇಳುವುದಿಲ್ಲ. ಕೇಳಬೇಕೆಂದು ಅವನಿಗೆ ಯಾರೂ ಹೇಳಿಲ್ಲ. ಈ ಒಂದು ಮೌನದಿಂದ ನಮ್ಮ ರಸ್ತೆಗಳಲ್ಲಿ ಆಗುತ್ತಿರುವ ಕೇಡಿನ ಕಡೆಗೆ ವಾಚಕರ ಮತ್ತು ಸರ್ಕಾರದವರ ಲಕ್ಷ್ಯವನ್ನು ಸೆಳೆಯುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಟಯರೆಂಬುದು ಗಾಲಿಗೆ ತೊಡಿಸಿದ ಬರಿಯ ಪಾದರಕ್ಷೆಯೆಂಬ ಭಾವನೆಯು ತಪ್ಪು. ಒಂದು ಟನ್ನಿಗೂ ಮಿಗಿಲಾದ ಭಾರವುಳ್ಳ ಕಾರು ನೆಲವನ್ನು ಮುಟ್ಟುವುದು ನಾಲ್ಕೇ ಎಡೆಗಳಲ್ಲಿ. ಆ ಒಂದೊಂದು ಎಡೆಯೂ ಒಬ್ಬ ಮನುಷ್ಯನ ಅಂಗೈಗಿಂತ ಹೆಚ್ಚು ದೊಡ್ಡದಲ್ಲ. ವೇಗವನ್ನು ಕೊಡುವುದು, ಬ್ರೇಕಿಗೆ ನಿಲ್ಲಿಸುವುದು, ತಿರುವಿನಲ್ಲಿ ತಿರುಗಿಸುವುದು, ಇವೆಲ್ಲವೂ ಆ ನಾಲ್ಕು ಅಂಗೈಗಳ ಕೆಲಸ. ಸ್ಟಿಯರಿಂಗನ್ನು ತಿರುಗಿಸಿದಾಗ ಕಾರು ಒಡನೆಯೇ ತಿರುಗುವುದಿಲ್ಲ. ಮೊದಲು ರಬ್ಬರು ಸ್ವಲ್ಪ ತಿರುಚಿಕೊಳ್ಳುತ್ತದೆ; ತಿರುಚಿದ ರಬ್ಬರು ತನ್ನ ಮೊದಲಿನ ಆಕಾರಕ್ಕೆ ಮರಳಲು ಎಳೆಯುವ ಎಳೆತದಿಂದಲೇ ಕಾರು ಪಕ್ಕಕ್ಕೆ ಸರಿಯುತ್ತದೆ. ಆ ಎಳೆತವೇ ಸ್ಟಿಯರಿಂಗಿನ ಮೂಲಕ ಚಾಲಕನ ಕೈಗೆ ಭಾರವಾಗಿ ಬಂದು ಮುಟ್ಟುತ್ತದೆ. ಹಿಡಿತವು ಮುಗಿಯುತ್ತ ಬಂದಂತೆ ಆ ಭಾರವು ಹಗುರವಾಗುತ್ತದೆ. ಅನುಭವಿಯಾದ ಚಾಲಕನು ‘ಗಾಡಿ ಕೈಯಲ್ಲಿ ಮಾತನಾಡುತ್ತದೆ’ ಎನ್ನುವುದು ಇದನ್ನೇ; ಆ ಮಾತಿನ ಬಹುಪಾಲು ಟಯರಿನ ಮಾತು.

ಆದುದರಿಂದ ಟಯರಿನ ಆಯ್ಕೆಯಲ್ಲಿ ಮಾಡುವ ಅಲ್ಪ ಬದಲಾವಣೆಯೂ ಕಾರಿನ ಸ್ವಭಾವವನ್ನೇ ಬದಲಿಸುವುದರಲ್ಲಿ ಆಶ್ಚರ್ಯವಿಲ್ಲ. ಟಯರಿನ ಪಕ್ಕೆಯಲ್ಲಿ 185/65 ಆರ್ 15 ಎಂದು ಬರೆದಿದ್ದರೆ, ಅಗಲ 185 ಮಿಲಿಮೀಟರು, ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 65 ಪಾಲು, ಎಂದರೆ ಸುಮಾರು 120 ಮಿಲಿಮೀಟರು, ರಿಮ್ಮಿನ ವ್ಯಾಸ 15 ಅಂಗುಲ ಎಂದು ಅರ್ಥ. ಈ ಎತ್ತರದ ಪಕ್ಕೆಯು ಹಳ್ಳದಿಣ್ಣೆಗಳ ಪೆಟ್ಟನ್ನು ತಾನು ನುಂಗಿ ಒಳಗೆ ಕುಳಿತವರ ಬೆನ್ನನ್ನು ಕಾಯುತ್ತದೆ. ಈಗಿನ ತರುಣರಿಗೆ ದೊಡ್ಡ ರಿಮ್ಮು, ಅಗಲವಾದ ಟಯರು, ಗಿಡ್ಡ ಪಕ್ಕೆಗಳ ಮೇಲೆ ವ್ಯಾಮೋಹ. ನುಣುಪಾದ ಹೆದ್ದಾರಿಯಲ್ಲಿ ಅಂತಹ ಕಾರು ಸ್ಟಿಯರಿಂಗಿನ ಸನ್ನೆಗೆ ಚುರುಕಾಗಿ ತಿರುಗುವುದು ನಿಜವೇ. ಆದರೆ ಮಳೆಗಾಲ ಮುಗಿದ ಮೇಲಿನ ನಮ್ಮ ಊರರಸ್ತೆಯ ಒಂದೊಂದು ಗುಂಡಿಯೂ ನೇರವಾಗಿ ರಿಮ್ಮಿಗೂ ಬೆನ್ನುಮೂಳೆಗೂ ತಾಗುವುದು. ನಿಂತ ನೀರಿನ ಮೇಲೆ ಅಗಲವಾದ ಟಯರು ಕಿರಿದಾದುದಕ್ಕಿಂತ ಬೇಗನೆ ತೇಲುವುದು. ಇನ್ನು ರಬ್ಬರಿನ ಜಾತಿ. ಗಟ್ಟಿಯಾದ ರಬ್ಬರು ಬಹುಕಾಲ ಬಾಳುತ್ತದೆ. ಮೆತ್ತಗಿನದು ರಸ್ತೆಯನ್ನು ಚೆನ್ನಾಗಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಇಂಧನವನ್ನು ಉಳಿಸಹೊರಟರೆ ಒದ್ದೆ ನೆಲದ ಹಿಡಿತಕ್ಕೆ ಕುಂದು ಬಂದೀತೆಂಬ ಭಯವೂ ಇತ್ತು. ಅದಕ್ಕಾಗಿಯೇ ಭಾರತ ಸರ್ಕಾರವು ಉರುಳುವಾಗಿನ ತಡೆ, ಒದ್ದೆ ನೆಲದ ಹಿಡಿತ, ಸದ್ದು ಈ ಮೂರಕ್ಕೂ ಮಿತಿಗಳನ್ನು ಗೊತ್ತುಮಾಡಿ, ಹೊಸ ವಿನ್ಯಾಸದ ಟಯರುಗಳಿಗೆ 2022ರ ಅಕ್ಟೋಬರ್ 1ರಿಂದಲೂ ಹಳೆಯ ವಿನ್ಯಾಸಗಳಿಗೆ 2023ರಿಂದಲೂ ಅನ್ವಯಿಸುವಂತೆ ಆಜ್ಞೆಯನ್ನು ಹೊರಡಿಸಿತು. ಇದು ಶ್ಲಾಘ್ಯವಾದ ಕೆಲಸ. ಆದರೆ ಕಾರ್ಖಾನೆಯಿಂದ ಹೊರಬೀಳುವ ದಿನ ಉತ್ತಮವಾಗಿದ್ದ ಟಯರು ಏಳೆಂಟು ವರ್ಷಗಳ ಬಳಿಕ ಏನಾಗುತ್ತದೆಂಬ ಪ್ರಶ್ನೆಗೆ ಈ ಆಜ್ಞೆಯಲ್ಲಿ ಉತ್ತರವಿಲ್ಲ.

ಉತ್ತರವು ರಸಾಯನಶಾಸ್ತ್ರದಲ್ಲಿದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರನು ರಬ್ಬರನ್ನು ಗಂಧಕದೊಡನೆ ಕಾಯಿಸಿ ಅದಕ್ಕೆ ಸ್ಥಿರತೆಯನ್ನು ತಂದನು. ಗಂಧಕವು ರಬ್ಬರಿನ ಎಳೆಗಳನ್ನು ಒಂದಕ್ಕೊಂದು ಗಂಟುಹಾಕುತ್ತದೆ. ಆದರೆ ಗಂಟುಗಳು ಬೀಳುವ ಕೆಲಸವು ಕಾರ್ಖಾನೆಯಲ್ಲಿಯೇ ಮುಗಿದುಹೋಗುವುದಿಲ್ಲ. ಬಿಸಿಲಿನಲ್ಲಿ, ಓಟದ ಕಾವಿನಲ್ಲಿ ಅದು ಮೆಲ್ಲಮೆಲ್ಲಗೆ ನಡೆಯುತ್ತಲೇ ಇರುತ್ತದೆ. ನಮಗೆ ಪ್ರಾಣವಾಯುವಾದ ಆಮ್ಲಜನಕವೇ ರಬ್ಬರಿಗೆ ವೈರಿ. ಒಳಗೆ ಒತ್ತಿ ತುಂಬಿದ ಗಾಳಿಯಿಂದ ಅದು ರಬ್ಬರಿನ ಒಡಲಿಗೆ ಇಳಿದು, ಉಕ್ಕಿನ ತಂತಿಯ ಪಟ್ಟಿಗಳು ರಬ್ಬರಿಗೆ ಅಂಟಿಕೊಂಡಿರುವ ಎಡೆಯನ್ನು ಸಡಿಲಿಸುತ್ತದೆ. ಹೊರಮೈಯನ್ನು ಕಾಯಲೆಂದು ತಯಾರಕರು ಮೇಣದಂತಹ ದ್ರವ್ಯಗಳನ್ನು ಬೆರೆಸಿರುತ್ತಾರೆ. ಟಯರು ಓಡಿ ಬಳುಕಿದರೆ ಮಾತ್ರ ಅವು ಮೇಲಕ್ಕೆ ಬರುತ್ತವೆ. ಶೆಡ್ಡಿನಲ್ಲಿ ಸುಮ್ಮನೆ ನಿಂತ ಕಾರಿನ ಟಯರು ಸವೆಯದೆಯೇ ಬಿರುಕುಬಿಡುವುದು ಇದರಿಂದಲೇ. ಸೆಕೆಯ ನಾಡಿನಲ್ಲಿ ಈ ಮುಪ್ಪು ಬೇಗನೆ ಬರುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯವರು 2008ರಲ್ಲಿ ಪ್ರಕಟಿಸಿದ ಎಚ್ಚರಿಕೆಯನ್ನು ನೋಡಿ: ಅಲ್ಲಿಯ ದೊಡ್ಡ ವಿಮಾಕಂಪನಿಯೊಂದರ ಗ್ರಾಹಕರಲ್ಲಿ ನೂರಕ್ಕೆ 27 ಮಂದಿ ಮಾತ್ರ ಟೆಕ್ಸಾಸ್, ಅರಿಜೋನಾ ಮೊದಲಾದ ಐದು ಬಿಸಿಲುಸೀಮೆಗಳವರು, ಆದರೆ 2002ರಿಂದ 2006ರವರೆಗೆ ಟಯರಿನ ದೋಷಕ್ಕಾಗಿ ಬಂದ ಪರಿಹಾರದ ಅರ್ಜಿಗಳಲ್ಲಿ ನೂರಕ್ಕೆ 77 ಆ ಸೀಮೆಗಳವೇ. ಆ ಟಯರುಗಳಲ್ಲಿ ನೂರಕ್ಕೆ 84 ಆರು ವರ್ಷ ಮೀರಿದವು. ರಾಯಚೂರು, ಕಲಬುರಗಿಗಳ ವೈಶಾಖದ ಬಿಸಿಲನ್ನು ಬಲ್ಲವರಿಗೆ ಈ ಅಂಕೆಗಳನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಮೋಸವಿದೆ. ಅದನ್ನು ಸ್ಪಷ್ಟವಾಗಿ ಹೇಳಬೇಕು. ಮುಪ್ಪಾದ ಟಯರು ಚಾಲಕನಿಗೆ ಯಾವಾಗಲೂ ಕೆಟ್ಟದಾಗಿ ತೋರುವುದಿಲ್ಲ. ಹೊಸ ಟಯರಿನ ಗೀರುಗಳು ಸುಮಾರು 8 ಮಿಲಿಮೀಟರು ಆಳ. ಅವುಗಳ ನಡುವಣ ರಬ್ಬರಿನ ಗಟ್ಟಿಗಳು ಎತ್ತರವಾಗಿ ಮೆತ್ತಗಿರುವುದರಿಂದ ಮೊದಮೊದಲು ಕಾರು ತುಸು ಅಲುಗಾಡಿದಂತೆ ತೋರುತ್ತದೆ. ಸವೆದು ಗಡುಸಾದ ಟಯರಿನಲ್ಲಿ ಆ ಅಲುಗಾಟವಿಲ್ಲ. ಒಣ ರಸ್ತೆಯಲ್ಲಿ ಸ್ಟಿಯರಿಂಗು ಖಚಿತವಾಗಿದೆ, ಗಾಡಿ ಚೆನ್ನಾಗಿ ಪಳಗಿದೆ ಎಂದು ಯಜಮಾನನು ಹಿಗ್ಗುತ್ತಾನೆ. ಸದ್ದು ಹೆಚ್ಚಿದರೆ ಬೇರಿಂಗಿನ ದೋಷವೆಂದೂ, ಕುಲುಕಾಟ ಹೆಚ್ಚಿದರೆ ಶಾಕಬ್ಸಾರ್ಬರಿನ ದೋಷವೆಂದೂ ಮೆಕಾನಿಕ್ಕನಿಗೆ ಸಾವಿರಗಟ್ಟಲೆ ಸುರಿಯುತ್ತಾನೆ. ಬದಲಾವಣೆಯು ದಿನಕ್ಕೊಂದು ಎಳ್ಳಿನಷ್ಟು ಬರುವುದರಿಂದ ಕೈ ಅದಕ್ಕೆ ಒಗ್ಗಿಹೋಗಿರುತ್ತದೆ. ನಿಜವಾದ ಪರೀಕ್ಷೆಯು ಆಷಾಢದ ಮೊದಲ ಜಡಿಮಳೆಯಲ್ಲಿ ಶಿರಾಡಿಯ ಅಥವಾ ಆಗುಂಬೆಯ ಇಳಿಜಾರಿನಲ್ಲಿ ನಡೆಯುತ್ತದೆ. ನೀರನ್ನು ಹೊರಹಾಕಲು ಗೀರಿಲ್ಲ, ಕಲ್ಲನ್ನು ಕಚ್ಚಲು ರಬ್ಬರಿನಲ್ಲಿ ಮೆದುತನವಿಲ್ಲ. ಬ್ರೇಕು ಒತ್ತಿದ ಕಾರು ಜಾರುತ್ತಲೇ ಇರುತ್ತದೆ. ಎರಡೇ ಹೊಸ ಟಯರುಗಳನ್ನು ಕೊಂಡವರು ಅವನ್ನು ಮುಂದಕ್ಕೆ ಹಾಕಿಸಿ ಸವೆದವನ್ನು ಹಿಂದೆ ಉಳಿಸುವ ವಾಡಿಕೆಯೊಂದಿದೆ; ಇದೂ ತಿರುಗುಮುರುಗಾದ ಜಾಣತನ. ಮುಂದಿನ ಗಾಲಿ ಜಾರಿದರೆ ಚಾಲಕನಿಗೆ ತಿಳಿಯುತ್ತದೆ, ವೇಗವನ್ನು ತಗ್ಗಿಸಬಹುದು. ಹಿಂದಿನದು ಜಾರಿದರೆ ಕಾರೇ ಬುಗುರಿಯಾಗುತ್ತದೆ. ಟಯರು ತಯಾರಕರೇ ಹೊಸವನ್ನು ಹಿಂದಕ್ಕೆ ಹಾಕಿರೆಂದು ಹೇಳುತ್ತಾರೆ.

ಕೈಯ ಅನುಭವವನ್ನು ನೆಚ್ಚಲಾಗದಿದ್ದ ಮೇಲೆ ತಾರೀಖನ್ನೇ ನೆಚ್ಚಬೇಕು. ತಾರೀಖು ಟಯರಿನ ಮೇಲೆಯೇ ಇದೆ. ಪಕ್ಕೆಯಲ್ಲಿ ಅಚ್ಚೊತ್ತಿದ ನಾಲ್ಕು ಅಂಕೆಗಳಲ್ಲಿ ಮೊದಲಿನೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರ. ಹಲವು ಕಾರು ಕಂಪನಿಗಳು ಆರು ವರ್ಷಕ್ಕೆ ಟಯರನ್ನು ಬದಲಿಸಬೇಕೆನ್ನುತ್ತವೆ. ಮಿಶೆಲಿನ್ ಕಂಪನಿಯವರು ಐದು ವರ್ಷದ ಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ನೋಟಕ್ಕೆ ಹೇಗೆಯೇ ಇರಲಿ ಹತ್ತು ವರ್ಷಕ್ಕೆ ತೆಗೆದುಹಾಕಿರೆನ್ನುತ್ತಾರೆ. ಇಷ್ಟು ತಿಳಿದಿದ್ದೂ ಈ ಅಂಕೆಗಳು ಪಾಮರನಿಗೆ ಗೂಢಲಿಪಿಯಾಗಿಯೇ ಉಳಿದಿವೆ. ಕೆಲವು ಟಯರುಗಳಲ್ಲಿ ಅವು ಒಳಮುಖದ ಪಕ್ಕೆಯಲ್ಲಿ ಮಾತ್ರ ಇದ್ದು, ಕಾರಿನಡಿಗೆ ತೆವಳದೆ ಓದಲಾಗುವುದಿಲ್ಲ. ಒಂದು ಬಿಸ್ಕತ್ತಿನ ಪೊಟ್ಟಣದ ಮೇಲೆ ತಿಂಗಳನ್ನೂ ವರ್ಷವನ್ನೂ ಬಿಡಿಸಿ ಬರೆಯಬೇಕೆಂದು ವಿಧಿಸುವ ರಾಜ್ಯದಲ್ಲಿ ಇದೆಂತಹ ನ್ಯಾಯ! ಹಳೆಯ ಟಯರುಗಳ ಅಂಗಡಿಗಳಲ್ಲಂತೂ ಸವೆದ ಟಯರಿಗೆ ಕತ್ತಿಯಿಂದ ಹೊಸ ಗೀರು ಕೊರೆದು, ಕಪ್ಪು ಬಣ್ಣ ಬಳಿದು, ಹೊಸದರಂತೆ ಮಾರುವವರೂ ಇದ್ದಾರೆ.

ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 94ನೆಯದು ಕಾರಿನ ಟಯರಿನ ಗೀರು 1.6 ಮಿಲಿಮೀಟರಿಗಿಂತ ಕಡಿಮೆಯಿರಕೂಡದೆಂದು ವಿಧಿಸಿದೆ. ಆಳಕ್ಕೆ ಅಳತೆಯಿದೆ, ವಯಸ್ಸಿಗಿಲ್ಲ. ಬ್ರಿಟನ್ನಿನಲ್ಲಿಯೂ ಹೀಗೆಯೇ ಇತ್ತು. 2012ರ ಸೆಪ್ಟೆಂಬರಿನಲ್ಲಿ ಸರ್ರೆ ಪ್ರಾಂತದ ಹೆದ್ದಾರಿಯಲ್ಲಿ ಸಂಗೀತೋತ್ಸವದಿಂದ ಹಿಂದಿರುಗುತ್ತಿದ್ದ ಬಸ್ಸೊಂದರ ಮುಂದಿನ ಟಯರು ಸಿಡಿದು ಮೂವರು ಮಡಿದರು. ಆ ಟಯರಿಗೆ ಹತ್ತೊಂಬತ್ತೂವರೆ ವರ್ಷ. ಬಸ್ಸಿಗಿಂತ ಅದೇ ಹಿರಿಯದು! ಗೀರಿನ ಆಳದ ಕಾನೂನಿಗೆ ಅದು ಅಡ್ಡಿಯಾಗಿರಲಿಲ್ಲ. ಮಡಿದ ಹದಿನೆಂಟರ ತರುಣನ ತಾಯಿಯು ವರ್ಷಗಟ್ಟಲೆ ಬಾಗಿಲು ಬಾಗಿಲು ತಟ್ಟಿದ ಮೇಲೆ, 2021ರ ಫೆಬ್ರುವರಿ 1ರಿಂದ ಬಸ್ಸು ಲಾರಿಗಳ ಮುಂದಿನ ಗಾಲಿಗಳಲ್ಲಿ ಹತ್ತು ವರ್ಷದ ಟಯರನ್ನು ಅಲ್ಲಿ ನಿಷೇಧಿಸಿದರು. ಒಂದು ಕಾನೂನಿನ ಬೆಲೆ ಮೂರು ಜೀವ, ಎಂಟು ವರ್ಷಕ್ಕೂ ಮಿಗಿಲಾದ ಕಾಲ. ನಾವೂ ಅಷ್ಟು ಬೆಲೆಯನ್ನು ತೆತ್ತೇ ಕಲಿಯಬೇಕೆ?

ಬಡ ಟ್ಯಾಕ್ಸಿಯವನಿಗೆ ನಾಲ್ಕು ಟಯರುಗಳ ಬೆಲೆಯು ಭಾರವೆಂಬ ಆಕ್ಷೇಪಣೆಯು ಬರುವುದು ಸಹಜ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ದಿನವಿಡೀ ಓಡಿಸುವವನ ಟಯರು ವಯಸ್ಸಾಗುವ ಮುನ್ನವೇ ಸವೆದುಹೋಗುತ್ತದೆ; ಆದುದರಿಂದ ವಯಸ್ಸಿನ ಮಿತಿಯು ಅವನಿಗೆ ತಟ್ಟುವುದು ಅಪರೂಪ. ಅವನಿಗಾಗುವ ನಷ್ಟವು ಬೇರೆ: ಹೊಸದೆಂದು ಪೂರ್ಣ ಬೆಲೆ ಕೊಟ್ಟು ಅಂಗಡಿಯಲ್ಲಿ ಮೂರು ವರ್ಷ ಮಲಗಿದ್ದ ಸರಕನ್ನು ಅವನು ಒಯ್ಯುತ್ತಾನೆ. 2020ರ ಜೂನ್ ತಿಂಗಳಲ್ಲಿ ಟಯರುಗಳ ಆಮದಿಗೆ ನಿರ್ಬಂಧ ಬಿದ್ದ ಮೇಲೆ, ಹಡಗಿನಲ್ಲಿ ಬರಲು ತಡವಾಯಿತೆಂಬ ನೆಪವೂ ವರ್ತಕರಿಗೆ ಅಷ್ಟಾಗಿ ಉಳಿದಿಲ್ಲ. ಮೈಸೂರಿನಲ್ಲಿಯೇ ಟಯರಿನ ಕಾರ್ಖಾನೆಯಿದೆ. ಟಯರಿನ ಬಿಲ್ಲಿನಲ್ಲಿ ತಯಾರಾದ ತಿಂಗಳನ್ನೂ ವರ್ಷವನ್ನೂ ಬರೆಯುವುದು ಕಡ್ಡಾಯವಾಗಬೇಕು. ಆರ್.ಟಿ.ಓ. ಕಚೇರಿಗಳಲ್ಲಿ ಎಫ್.ಸಿ. ಕೊಡುವಾಗ, ಮಕ್ಕಳನ್ನು ಹೊರುವ ಶಾಲೆಯ ವಾಹನಗಳಿಂದ ಮೊದಲುಗೊಂಡು, ಟಯರಿನ ವಯಸ್ಸನ್ನೂ ನೋಡಿ ದಾಖಲಿಸಬೇಕು. ಬಸ್ಸುಗಳ ಮುಂಗಾಲಿಗಳಿಗೆ ಹತ್ತು ವರ್ಷದ ಮಿತಿಯನ್ನು ಕೇಂದ್ರ ಸರ್ಕಾರದವರು ಕೂಡಲೇ ವಿಧಿಸಬೇಕು. ಇದಕ್ಕೆ ಹೊಸ ಇಲಾಖೆ ಬೇಡ, ಹೊಸ ಯಂತ್ರವೂ ಬೇಡ; ಕಣ್ಣು, ಒಂದು ಬ್ಯಾಟರಿ ದೀಪ, ಬಗ್ಗುವ ಮನಸ್ಸು ಇದ್ದರೆ ಸಾಕು.

ಅಲ್ಲಿಯವರೆಗೆ ವಾಚಕರು ತಮ್ಮ ತಮ್ಮ ಕಾರುಗಳ ಐದು ಟಯರುಗಳನ್ನೂ ಓದಿಕೊಳ್ಳಲಿ. ಐದೆಂದು ಬೇಕೆಂದೇ ಹೇಳಿದೆವು. 1904ರಲ್ಲಿ ವೇಲ್ಸಿನ ಲನೆತ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಿಂದ ಹೊರಟ ಹೆಸರು ನಮ್ಮ ಹಳ್ಳಿಯ ಪಂಕ್ಚರ್ ಅಂಗಡಿಯವರೆಗೂ ಬಂದಿದೆ. ಆ ಸ್ಟೆಪ್ನಿಯು ಡಿಕ್ಕಿಯ ಕತ್ತಲೆಯಲ್ಲಿ ಒಂದು ಮೈಲಿಯೂ ಓಡದೆ, ಗೀರು ಮಾಸದೆ, ಹತ್ತು ವರ್ಷ ಮಲಗಿರುತ್ತದೆ. ನಡುರಾತ್ರಿಯಲ್ಲಿ ಟಯರು ಪಂಕ್ಚರಾದಾಗ ‘ಇದು ಹೊಸದೇ’ ಎಂಬ ನಂಬಿಕೆಯಿಂದ ತೊಡಿಸಿ, ಅದೇ ವೇಗದಲ್ಲಿ ಮುಂದಕ್ಕೆ ಓಡಿಸುವವರು ಬಹಳ ಮಂದಿ.